ಗಾಡಿ ಬಂದರೆ ಸಾಲದು, ಯೋಧನ ಹೊರೆಗೆ ಮಿತಿ ಬೇಕು

2003ರಲ್ಲಿ ಅಫ್ಗಾನಿಸ್ತಾನದಲ್ಲಿದ್ದ ತನ್ನ ಕಾಲಾಳುಗಳ ಮೈಮೇಲಿನ ಸಾಮಾನನ್ನು ಅಮೆರಿಕದ ಸೇನೆ ತೂಗಿಸಿತು. ಕಾದಾಟಕ್ಕಿಳಿದಾಗಲೇ ಸರಾಸರಿ 29 ಕೆ.ಜಿ., ಬೆನ್ನಚೀಲ ಹೊತ್ತು ನಡೆಯುವಾಗ 46 ಕೆ.ಜಿ., ತುರ್ತು ಸಂದರ್ಭದಲ್ಲಿ 60 ಕೆ.ಜಿ. ಗುಂಡುನಿರೋಧಕ ಕವಚ, ಮದ್ದುಗುಂಡು, ರೇಡಿಯೊ, ಅದರ ಬ್ಯಾಟರಿ, ನೀರು, ಇವುಗಳಲ್ಲಿ ಯಾವುದನ್ನೂ ಬಿಟ್ಟು ಹೊರಡುವಂತಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ.; ಸುಡುಬಿಸಿಲಿನ ಬೆಟ್ಟದಲ್ಲಿ ಮೂರು ದಿನಕ್ಕೆ ಬೇಕಾದ ನೀರೇ ಒಂದು ಮೂಟೆ. ಇಷ್ಟನ್ನು ಹೊತ್ತು ಏರಿದವನು ಗುಂಡಿನ ಸದ್ದು ಕೇಳಿದೊಡನೆ ಚಂಗನೆ ಮರೆಗೆ ಸರಿಯಲಾರ. ಹೊರೆ ತಂದ ಮಂಡಿನೋವು, ಸೊಂಟನೋವು ಎಷ್ಟೋ ಮಂದಿಯನ್ನು ಸೇನೆ ಬಿಟ್ಟ ಮೇಲೂ ಬಿಡುವುದಿಲ್ಲ.

ಈ ಹೊರೆಯನ್ನು ಮಾನವರಹಿತ ಗಾಡಿಗಳ ಮೇಲೆ ಹಾಕುವುದು ಈಗ ಬರಿಯ ಕನಸಲ್ಲ. ಒಂಬತ್ತು ಜನರ ತುಕಡಿಗೆಂದು ಅಮೆರಿಕದ ಸೇನೆ ಬಯಸಿದ 'ಎಸ್-ಮೆಟ್' ಗಾಡಿ ಸುಮಾರು 450 ಕೆ.ಜಿ. ಹೊತ್ತು ಮೂರು ದಿನದಲ್ಲಿ 96 ಕಿ.ಮೀ. ಸಾಗಬೇಕು. ಅಂದರೆ ತಲೆಗೆ 50 ಕೆ.ಜಿ. ಡ್ರೋನ್‌ಗಳ ಕಣ್ಣಿಗೆ ಬಿದ್ದ ಟ್ರಕ್ಕು ಉಳಿಯುವುದೇ ಕಷ್ಟವಾಗಿರುವ ಉಕ್ರೇನ್‌ನಲ್ಲಿ ಮುಂಚೂಣಿಗೆ ನೀರು, ಮದ್ದುಗುಂಡು ಒಯ್ಯುವ, ಗಾಯಾಳುಗಳನ್ನು ಹಿಂದಕ್ಕೆ ತರುವ ಕೆಲಸಕ್ಕೆ ಇಂಥ ಗಾಡಿಗಳು ಇಳಿದಿವೆ.

ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ಬಾಸ್ಟನ್ ಡೈನಾಮಿಕ್ಸ್‌ನ ನಾಲ್ಕು ಕಾಲಿನ ಯಂತ್ರವನ್ನು ಅಮೆರಿಕದ ಮರೀನ್ ಪಡೆ 2015ರಲ್ಲಿ ಬದಿಗಿಟ್ಟಿತು. ಅದರ ಎಂಜಿನ್ನಿನ ಸದ್ದೇ ಶತ್ರುವಿಗೆ ಸುಳಿವು ಕೊಡುವಂತಿತ್ತು. ಬ್ಯಾಟರಿಯಲ್ಲಿ ಓಡುವ ಗಾಡಿಗಳು ಆ ದೋಷವನ್ನು ಬಹುಮಟ್ಟಿಗೆ ನೀಗಿಸಿವೆ. ಆದರೆ ಕೊರೆಯುವ ಚಳಿಯಲ್ಲಿ ಬ್ಯಾಟರಿ ಸೊರಗುತ್ತದೆ. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಮ್ಮ ಸೇನೆಯ ನಾಲ್ಕು ಕಾಲಿನ ಯಂತ್ರಗಳೂ ಹೆಜ್ಜೆ ಹಾಕಿದವು. ಆದರೂ ಹಿಮಾಲಯದ ಕಾಲುದಾರಿಯಲ್ಲಿ ಹೇಸರಗತ್ತೆ ಈಗಲೂ ಅವುಗಳಿಗಿಂತ ಹಲವು ಪಟ್ಟು ಹೊರಬಲ್ಲದು. ಶತ್ರು ರೇಡಿಯೊ ಸಂಪರ್ಕ ಕೆಡಿಸಿದರೆ ಗಾಡಿ ನಿಂತಲ್ಲೇ ನಿಲ್ಲಬಹುದು ಎಂಬುದೂ ನಿಜ. ಇವೆಲ್ಲ ಹೇಳುವುದಿಷ್ಟೆ: ಮೊದಲ ಕೆಲವು ಗಂಟೆ ಜೀವ ಉಳಿಸುವ ಸಾಮಾನು ಸೈನಿಕನ ಮೈಮೇಲೇ ಇರಲಿ, ಉಳಿದದ್ದು ಗಾಡಿಗೆ ಹೋಗಲಿ. ಗಾಡಿಯೇ ಬೇಡವೆನ್ನಲು ಇವು ಕಾರಣವಲ್ಲ.

ನಿಜವಾದ ಅಪಾಯವಿರುವುದು ನಮ್ಮ ಅಭ್ಯಾಸದಲ್ಲಿ. 'ಇರಲಿ, ಬೇಕಾದೀತು' ಎಂಬ ಅಂಜಿಕೆಯೇ ಸೈನಿಕನ ಹೊರೆ ಬೆಳೆಸುತ್ತದೆ ಎಂದು ಅಮೆರಿಕದ ಸೇನಾ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ 1950ರಲ್ಲೇ ಎಚ್ಚರಿಸಿದ್ದರು. ಹೊರೆ ದೇಹತೂಕದ ಮೂರನೇ ಒಂದು ಭಾಗವನ್ನು ಮೀರಬಾರದೆಂಬುದು ಹಳೆಯ ಸೂತ್ರ, 70 ಕೆ.ಜಿ. ತೂಗುವವನಿಗೆ ಅದು 23 ಕೆ.ಜಿ. ಆದರೆ ರೇಡಿಯೊ ಹಗುರಾದಾಗ ಬ್ಯಾಟರಿಗಳು ಹೆಚ್ಚಿದವು, ಒಂದು ಉಪಕರಣ ಚಿಕ್ಕದಾದಾಗ ಇನ್ನೆರಡು ಸೇರಿಕೊಂಡವು. ಮಿತಿಯಿಲ್ಲದೆ ಗಾಡಿ ಕೊಟ್ಟರೆ ಗಾಡಿಯೂ ತುಂಬುತ್ತದೆ, ಬೆನ್ನೂ ಹಾಗೇ ಬಾಗಿರುತ್ತದೆ. ಆದ್ದರಿಂದ ಗಾಡಿ ಕೊಳ್ಳುವ ಆದೇಶದಲ್ಲೇ ಸೈನಿಕ ಹೊರಬಹುದಾದ ಗರಿಷ್ಠ ಭಾರವನ್ನೂ ಬರೆಯಬೇಕು, ಹೊರಡುವ ಮುನ್ನ ತಕ್ಕಡಿಯಲ್ಲಿ ತೂಗಿ ನೋಡಬೇಕು. ಗಾಡಿ ಎಷ್ಟು ಹೊತ್ತಿತು ಎಂಬುದಲ್ಲ, ಸೈನಿಕನ ಬೆನ್ನಿನಿಂದ ಎಷ್ಟು ಇಳಿಯಿತು ಎಂಬುದೇ ಈ ಯಂತ್ರಗಳನ್ನು ಅಳೆಯುವ ಮಾನದಂಡವಾಗಬೇಕು.