ಮೇಣದ ಎರಕವೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳ ಕೈಗೆಲಸವೆಂದೊಡನೆ ಹೊಲಿಗೆ, ಕಸೂತಿ, ಹೆಣಿಗೆಗಳ ಹೆಸರು ಹೇಳಿ ಸುಮ್ಮನಾಗುವುದು ವಾಡಿಕೆ. ಅವುಗಳನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೆ ಈಚೆಗೆ ನಮ್ಮ ಮೇಲಿನ ತರಗತಿಗಳ ಕೆಲವರು ಉಂಗುರ, ಓಲೆಗಳನ್ನು ಮನೆಯಲ್ಲಿಯೇ ಮೇಣದ ಎರಕದಿಂದ ಮಾಡಿಕೊಳ್ಳಬೇಕೆಂದು ಹಟ ತೊಟ್ಟಿದ್ದಾರೆ. ಇದನ್ನು ಕೇಳಿದ ತಾಯಿತಂದೆಗಳಲ್ಲಿ ಕೆಲವರು ನಕ್ಕರು, ಕೆಲವರು, “ಬೆಂಕಿಯ ಕೆಲಸ ಹುಡುಗಿಯರಿಗೇತಕ್ಕೆ?” ಎಂದು ಕೇಳಲು ನಮ್ಮಲ್ಲಿಗೆ ಬಂದರು. ಅವರಿಗೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಈ ವಿದ್ಯೆಯು ಪರದೇಶದಿಂದ ಬಂದ ಹೊಸ ಹವ್ಯಾಸವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿಗ್ರಹಗಳನ್ನು ಹೀಗೆ ಎರಕ ಹುಯ್ಯುವ ಕ್ರಮವು ವಿವರವಾಗಿ ಉಂಟು. ಮೊದಲು ಮೇಣದ ಆಕೃತಿ, ಅದಕ್ಕೆ ನಾಳಗಳು, ಮೇಲೆ ನಯವಾದ ಮಣ್ಣಿನ ತೆಳುಲೇಪ, ಅದು ನೆರಳಿನಲ್ಲಿ ಒಣಗಿದ ಮೇಲೆ ಮತ್ತೊಂದು, ಬಳಿಕ ಕಾಯಿಸಿ ಮೇಣವನ್ನು ಹೊರಡಿಸಿ, ಉಳಿದ ಟೊಳ್ಳಿನಲ್ಲಿ ಕರಗಿದ ಲೋಹವನ್ನು ಹುಯ್ಯುವುದು. ಮೇಣವನ್ನು ತೂಗಿ, ಬೆಳ್ಳಿಯಾದರೆ ಅದರ 12 ಪಾಲು ತೆಗೆದುಕೊಳ್ಳಬೇಕೆಂದು ಆ ಗ್ರಂಥವು ಹೇಳುತ್ತದೆ. ಬೆಳ್ಳಿಯು ಮೇಣಕ್ಕಿಂತ ಸುಮಾರು 11 ಪಾಲು ಭಾರವೆಂಬುದನ್ನು ನಮ್ಮ ವಿಜ್ಞಾನದ ತರಗತಿಯ ಹುಡುಗಿಯರೇ ಅಳೆದು ಕಾಣಬಲ್ಲರು; ಮಿಕ್ಕ ಒಂದು ಪಾಲು ಕೊರತೆ ಬೀಳದಿರಲೆಂದು ಇದ್ದೀತು. ಗಣಿತವು ಬೇಸರವೆನ್ನುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ನಾವು ಕಾಣೆವು.

1907ರಲ್ಲಿ ಷಿಕಾಗೋ ನಗರದ ಟ್ಯಾಗರ್ಟ್ ಎಂಬ ದಂತವೈದ್ಯನು ಹುಳುಕು ಹಲ್ಲಿಗೆ ಚಿನ್ನ ತುಂಬಲು ಇದೇ ಉಪಾಯವನ್ನು ಬಳಸಿದನು; ಆಭರಣದವರು ಅದನ್ನು ಆಮೇಲೆ ಹಿಡಿದುಕೊಂಡರು. ಈಗ ಅಂಗಡಿಯಲ್ಲಿ ಮಾರುವ ಉಂಗುರಗಳಲ್ಲಿ ಎಷ್ಟೋ, ಹತ್ತಾರು ಮೇಣದ ಉಂಗುರಗಳನ್ನು ಒಂದೇ ಕಾಂಡಕ್ಕೆ ಮರದಂತೆ ಜೋಡಿಸಿ ಒಮ್ಮೆಗೇ ಹುಯ್ದವು. ಪೀಣ್ಯದ ಎರಕದ ಕಾರ್ಖಾನೆಗಳಲ್ಲಿ ಪಂಪು, ವಾಲ್ವುಗಳ ಉಕ್ಕಿನ ಭಾಗಗಳೂ ಮೇಣವಾಗಿಯೇ ಹುಟ್ಟುತ್ತವೆ. ನಮ್ಮ ಮಕ್ಕಳ ತಂದೆಗಳು ಕೆಲವರು ಅಂತಹ ಕಡೆ ದುಡಿದು ಬರುತ್ತಾರೆ. ಅವರು ಹಗಲೆಲ್ಲ ಮಾಡುವುದೇನೆಂದು ಮಗಳನ್ನು ಕೇಳಿದರೆ, “ಕಂಪನಿಯ ಕೆಲಸ” ಎಂದಷ್ಟೇ ಉತ್ತರ. ಇದು ನಮಗೆ ಬೆಂಕಿಗಿಂತ ಹೆಚ್ಚಿನ ಚಿಂತೆ. ಒಡವೆಯನ್ನು ತೊಡುವುದು ಮಾತ್ರ ತನ್ನ ಪಾಲು, ಮಾಡುವುದು ಇನ್ನಾರದೋ ಪಾಲೆಂದು ಹೆಣ್ಣುಮಗಳು ಏಕೆ ತಿಳಿಯಬೇಕು?

ಆದರೂ ಹೆದರಿದ ತಾಯಂದಿರ ಮಾತು ಸುಳ್ಳಲ್ಲ. ಒಬ್ಬಳು ಹುಡುಗಿ ವೈಟ್‌ಫೀಲ್ಡಿನ ಬಹುಮಹಡಿ ಮನೆಯಲ್ಲಿ ಅಡಿಗೆಯ ಒಲೆಯ ಮೇಲೆಯೇ ಹಿತ್ತಾಳೆ ಕರಗಿಸಹೊರಟಿದ್ದಳಂತೆ! ಇದು ಸರ್ವಥಾ ಕೂಡದು. ಹಿತ್ತಾಳೆ ಮಿತಿಮೀರಿ ಕಾದರೆ ಅದರಲ್ಲಿನ ಸತುವು ಹೊಗೆಯಾಗಿ ಏಳುತ್ತದೆ. ಅದನ್ನು ಸೇದಿದವರಿಗೆ ನಡುಕ ಜ್ವರ ಬರುತ್ತದೆ. ಅಚ್ಚಿನಲ್ಲಿ ತೇವ ಉಳಿದಿದ್ದರೆ ಅದು ತಟ್ಟನೆ ಆವಿಯಾಗಿ, 900 ಡಿಗ್ರಿಗೆ ಮೇಲ್ಪಟ್ಟ ಲೋಹವನ್ನು ಮುಖಕ್ಕೆ ಎರಚೀತು. ಈಗಿನವರು ಮಣ್ಣಿಗೆ ಬದಲಾಗಿ ಬಳಸುವ ಅಚ್ಚಿನ ಪುಡಿಯಲ್ಲಿ ಜಿಪ್ಸಮ್ಮಿನೊಡನೆ ಸಿಲಿಕಾ ಇರುತ್ತದೆ. ಅದರ ನುಣ್ಣನೆಯ ಧೂಳು ವರ್ಷಾನುವರ್ಷ ಒಳಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗವನ್ನು ತರುತ್ತದೆ. ಅಚ್ಚನ್ನು ಕುಲುಮೆಯಲ್ಲಿ ಗಂಟೆಗಟ್ಟಲೆ ಮೆಲ್ಲಮೆಲ್ಲನೆ 700 ಡಿಗ್ರಿಗೂ ಮೇಲಕ್ಕೆ ಏರಿಸಬೇಕು. ಮೇಣ ಉರಿಯುವ ಹೊಗೆ ಹೊರಹೋಗಬೇಕು. ಇವೆಲ್ಲಕ್ಕೆ ಅಡಿಗೆಮನೆ ತಕ್ಕ ಸ್ಥಳವಲ್ಲ, ಬಾಲ್ಕನಿಯೂ ಅಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವೇನೆಂದರೆ, ಮೇಣ ಮನೆಯಲ್ಲಿರಲಿ, ಬೆಂಕಿ ಶಾಲೆಗೆ ಬರಲಿ. ಎರಕದ ಚೆಲುವೆಲ್ಲ ಮೇಣದಲ್ಲಿಯೇ ಇದೆ. ಅಲ್ಲಿ ಉಳಿದ ಬೆರಳ ಗುರುತು ಕೂಡ ಬೆಳ್ಳಿಯಲ್ಲಿ ಮೂಡುತ್ತದೆ. ಆ ಕೆಲಸಕ್ಕೆ ಬೇಕಾದುದು ಒಂದು ಮೇಜು, ಸಣ್ಣ ಚೂರಿ, ಕಾಯಿಸಿದ ಸೂಜಿ ಮತ್ತು ತಾಳ್ಮೆ. ಕೆಟ್ಟರೆ ಕರಗಿಸಿ ಮತ್ತೆ ಮಾಡಬಹುದು, ಕಾಸು ನಷ್ಟವಿಲ್ಲ. ಹುಯ್ಯುವುದು ಮಾತ್ರ ಪಳಗಿದವರ ಕಣ್ಣೆದುರಿಗೆ, ಗಾಳಿಯಾಡುವ ಕಡೆ, ಹತ್ತಿಯ ಉಡುಪಿನಲ್ಲಿ, ಜಡೆ ಕಟ್ಟಿ, ಕಣ್ಣಿಗೂ ಮೂಗಿಗೂ ರಕ್ಷೆಯಿಟ್ಟು ನಡೆಯತಕ್ಕದ್ದು.

ನಮ್ಮಲ್ಲಿ ಹಿತ್ತಲ ಕಡೆಯ ಹಳೆಯ ಹೆಂಚಿನ ಕೊಠಡಿಯೊಂದು ಬರಿದಾಗಿದೆ. ಕುಲುಮೆ, ಮೂಸೆ, ಇಕ್ಕುಳಗಳನ್ನು ಒದಗಿಸಿಕೊಳ್ಳಬೇಕಾಗಿದೆ. ಎರಕದ ಕೆಲಸ ಬಲ್ಲ ತಂದೆಗಳೂ, ಕಾರ್ಖಾನೆಗಳಲ್ಲಿ ಎಂಜಿನಿಯರುಗಳಾಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ತಿಂಗಳಿಗೆ ಎರಡು ಶನಿವಾರಗಳನ್ನು ನಮಗೆ ಕೊಡಲು ಒಪ್ಪುವುದಾದರೆ, ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ. ಅದುವರೆಗೆ ಹುಡುಗಿಯರು ಮೇಣವನ್ನು ತಿದ್ದುತ್ತಿರಲಿ. ಮೂಸೆಯನ್ನು ಯಾರೂ ಮನೆಗೆ ತರಕೂಡದು.