ಕೆರೆಯ ಕಾಯಿಲೆ ಕೆರೆಯಲ್ಲಿಲ್ಲ

ಚಿಕ್ಕಜಾಲದಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ನಂದಿಬೆಟ್ಟದ ಸೀಮೆ. ಅರ್ಕಾವತಿ ನದಿ ಹುಟ್ಟುವುದು ಅಲ್ಲಿ. ಈ ನದಿಯ ಹೆಸರಘಟ್ಟ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವೂ ಸಿದ್ಧವಾಯಿತು. ವರ್ಷಗಳು ಕಳೆದಂತೆ ಎರಡಕ್ಕೂ ಹರಿದು ಬರುವ ನೀರು ಕಡಿಮೆಯಾಗುತ್ತ ಹೋಯಿತು.

ಮಳೆ ಕೈಕೊಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳಿತು. ಮುಖ್ಯ ಕಾರಣ ಮಳೆಯಲ್ಲ, ಬಿಸಿಲೂ ಅಲ್ಲ; ಕೊಳವೆ ಬಾವಿಗಳು ಮತ್ತು ನೀಲಗಿರಿ ತೋಪುಗಳು.

ಅದು ಹೇಗೆ? ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದರೆ ನೀರು ಜಿನುಗಿ ಹಳ್ಳ ಸೇರುತ್ತದೆ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಇದರಿಂದಲೇ. ಮಟ್ಟ ತಳಕ್ಕಿಂತ ಕೆಳಗಿಳಿದರೆ ಲೆಕ್ಕ ತಿರುವುಮುರುವು: ಹಳ್ಳಕ್ಕೆ ಬಂದ ನೀರನ್ನು ನೆಲವೇ ಕುಡಿಯುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲ ನೀರು ಕೇಳುವುದಿಲ್ಲ. ನೀಲಗಿರಿ ಹಾಗಲ್ಲ, ಅದರ ಬೇರು ಆಳಕ್ಕಿಳಿದು ಬೇಸಿಗೆಯಲ್ಲೂ ನೀರು ಎಳೆಯುತ್ತದೆ, ಎಲೆಗಳಿಂದ ಆವಿಯಾಗಿ ಬಿಡುತ್ತದೆ.

ಹಾಗಾದರೆ ತಪ್ಪು ರೈತನದೇ? ಆಳುಗಳು ನಗರದ ಕೆಲಸಕ್ಕೆ ಹೋದರು. ನೀಲಗಿರಿಗೆ ಆಳು ಬೇಡ, ಕಡಿದರೆ ಮತ್ತೆ ಚಿಗುರುತ್ತದೆ, ಮರ ಕೊಳ್ಳುವವರು ಇದ್ದಾರೆ. ತರಕಾರಿ, ಹೂವು ನಗರಕ್ಕೆ ಬೇಕು. ಅದಕ್ಕೆ ಕೊಳವೆ ಬಾವಿ ಬೇಕು. ಬೆಳೆಯುವ ನಗರ 1974ರಿಂದ ಸುಮಾರು 100 ಕಿ.ಮೀ. ದೂರದ ಕಾವೇರಿಯ ನೀರು ತರಿಸಿಕೊಳ್ಳುತ್ತಿದೆ. ಕಾವೇರಿ ತಲುಪದ ಬಡಾವಣೆಯಲ್ಲಿ ಮತ್ತೆ ಕೊಳವೆ ಬಾವಿಯೇ ಗತಿ. ಸರಪಳಿ ಸುತ್ತಿ ಬಂದು ಹೊರಟಲ್ಲಿಗೇ ಸೇರಿತು.

ಹೀಗೆ ಒಂದೊಂದು ವಸ್ತುವನ್ನು ಬಿಡಿಬಿಡಿಯಾಗಿ ನೋಡದೆ, ಅವುಗಳ ನಡುವಿನ ನಂಟನ್ನು ಹುಡುಕುವುದಕ್ಕೆ ವಿಜ್ಞಾನಿಗಳು ವ್ಯವಸ್ಥಾ ಚಿಂತನೆ ಎನ್ನುತ್ತಾರೆ. ಇದು ಬರೀ ಪಾಂಡಿತ್ಯವಲ್ಲ. ಹೂಳೆತ್ತಿದರೆ ಕೆರೆಯ ಹೊಟ್ಟೆ ದೊಡ್ಡದಾಗುತ್ತದೆ, ಆದರೆ ಅಷ್ಟರಿಂದಲೇ ತುಂಬುವುದಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ನೀಲಗಿರಿ ಕಿತ್ತ ಹೊಲದಲ್ಲಿ ಮತ್ತೊಂದು ಕೊಳವೆ ಬಾವಿ ಬಂದರೆ ಹಳ್ಳಕ್ಕೆ ಏನೂ ದಕ್ಕದು. ಕಡಿಮೆ ನೀರಿನ ರಾಗಿಗೆ ಒಳ್ಳೆಯ ಬೆಲೆ, ನೆಲದಿಂದ ಎತ್ತುವ ನೀರಿಗೊಂದು ಮಿತಿ, ಒತ್ತುವರಿಯಿಲ್ಲದ ಕಾಲುವೆ, ಇವೆಲ್ಲ ಒಟ್ಟಿಗೆ ಆಗಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಹಾಳೆಯ ನಡುವೆ ‘ನಮ್ಮೂರ ಕೆರೆ’ ಎಂದು ಬರೆಯಿರಿ. ತೆರೆದ ಬಾವಿಯಲ್ಲಿ ಹಿಂದೆ ಎಷ್ಟು ಅಡಿಗೆ ನೀರಿತ್ತು, ಈಗ ಕೊಳವೆ ಬಾವಿ ಎಷ್ಟು ಅಡಿ ಎಂದು ಹಿರಿಯರನ್ನು ಕೇಳಿ. ಕೆರೆಗೆ ನೀರು ಕೊಡುವುದು ಯಾವುದು, ಕಸಿಯುವುದು ಯಾವುದು, ಬಾಣ ಎಳೆಯುತ್ತ ಹೋಗಿ. ಒಂದು ಬಾಣ ನಿಮ್ಮ ಮನೆಯ ನಲ್ಲಿಗೂ ಬಂದೀತು. ಅಪ್ಪ ಅಮ್ಮ ಜೊತೆಗೆ ಕೂತರೆ ಇನ್ನೂ ಒಳ್ಳೆಯದು. ಬಾವಿ ಕೊರೆಸುವ ತೀರ್ಮಾನ ಮಕ್ಕಳದಲ್ಲ. ಅದರ ಫಲ ಉಣ್ಣುವವರು ಮಾತ್ರ ಅವರು.