ತ್ಯಾಜ್ಯವೆಂಬ ಮಾತು ಮತ್ತು ಅಡಿಕೆಯ ಹಾಳೆ

‘ಕೃಷಿತ್ಯಾಜ್ಯದಿಂದ ಜೈವಿಕ ಪ್ಲಾಸ್ಟಿಕ್’ ಎಂಬ ನುಡಿ ಇತ್ತೀಚಿನ ವರ್ಷಗಳಲ್ಲಿ ಶಾಲೆಗಳ ವಿಜ್ಞಾನಮೇಳಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತಿದೆ. ಉದ್ದೇಶ ಒಳ್ಳೆಯದೇ. ಆದರೆ ಮೊದಲು ಪರೀಕ್ಷೆಗೆ ಒಳಗಾಗಬೇಕಾದುದು ಆ ನುಡಿಯಲ್ಲಿರುವ ಪದಗಳೇ. ತ್ಯಜಿಸತಕ್ಕುದು ತ್ಯಾಜ್ಯ. ಗುಬ್ಬಿಯ ತೋಟದಲ್ಲಾಗಲಿ ಕುಣಿಗಲ್ಲಿನ ಗದ್ದೆಯಲ್ಲಾಗಲಿ ತ್ಯಜಿಸತಕ್ಕುದು ಯಾವುದು? ರಾಗಿಯ ಹುಲ್ಲು ಮೆದೆಯೇರಿ ಬೇಸಗೆಯಲ್ಲಿ ದನಗಳ ಪ್ರಾಣವನ್ನು ಉಳಿಸುತ್ತದೆ. ಭತ್ತದ ಹುಲ್ಲಿನ ಗತಿಯೂ ಅದೇ. ತೆಂಗಿನ ಗರಿ ಚಪ್ಪರವಾಗುತ್ತದೆ, ಅದರ ಕಡ್ಡಿ ಪೊರಕೆಯಾಗುತ್ತದೆ, ಕರಟ ಒಲೆ ಸೇರುತ್ತದೆ. ಇವುಗಳಿಗೆ ತ್ಯಾಜ್ಯವೆಂದು ಹೆಸರಿಟ್ಟವರು ಬೇಸಾಯವನ್ನು ದೂರದಿಂದ ಕಂಡವರೇ ಇರಬೇಕು. ರಾಸುಗಳ ಬಾಯಿಂದ ಹುಲ್ಲನ್ನು ಕಿತ್ತು ಚೀಲ ಮಾಡುವುದಾದರೆ ಅದು ಯಾವ ಪುಣ್ಯದ ಕೆಲಸ?

ನಿಜವಾಗಿ ಮಿಕ್ಕುಬಿಡುವ ವಸ್ತುಗಳು ಎರಡು. ಒಂದು, ಸುಲಿದ ಅಡಿಕೆಯ ಸಿಪ್ಪೆ. ರಸ್ತೆಯ ಬದಿಗೆ ಸುರಿದು ಬೆಂಕಿಯಿಟ್ಟ ಅದರ ರಾಶಿಗಳನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಇನ್ನೊಂದು, ತೆಂಗಿನ ಮಟ್ಟೆಯಿಂದ ನಾರನ್ನು ತೆಗೆದ ಮೇಲೆ ಉಳಿಯುವ ಪುಡಿ. ಮಟ್ಟೆಯ ತೂಕದಲ್ಲಿ ನಾರು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಪುಡಿ ಎರಡು ಪಾಲು. ಲಿಗ್ನಿನ್ ಎಂಬ ಗಡಸು ದ್ರವ್ಯ ಹೆಚ್ಚಾಗಿರುವುದರಿಂದ ಈ ಪುಡಿ ಬೇಗ ಕೊಳೆಯದು. ಜೈವಿಕ ಪ್ಲಾಸ್ಟಿಕ್ಕಿನ ವಿದ್ಯೆ ತುಮಕೂರು ಜಿಲ್ಲೆಗೆ ಉಪಕಾರ ಮಾಡಬೇಕಾದರೆ ಈ ಎರಡು ರಾಶಿಗಳಿಂದಲೇ ಮೊದಲಾಗಬೇಕು.

ಆ ವಿದ್ಯೆ ಸುಲಭವಲ್ಲ. ಸಿಪ್ಪೆಯಲ್ಲಿರುವ ಸೆಲ್ಯುಲೋಸನ್ನು ಲಿಗ್ನಿನ್ನಿನ ಹಿಡಿತದಿಂದ ಬಿಡಿಸಿ ಸಕ್ಕರೆಯಾಗಿ ಒಡೆಯಬೇಕು; ಆ ಸಕ್ಕರೆಯನ್ನು ಸೂಕ್ಷ್ಮಾಣುಗಳಿಗೆ ಉಣಿಸಿ, ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವನ್ನು ಪಡೆಯಬೇಕು; ಅನಂತರ ಆ ಆಮ್ಲದ ಅಣುಗಳನ್ನು ಸರಪಣಿಯಂತೆ ಕೋಯಬೇಕು. ಇನ್ನೊಂದು ಮಾರ್ಗವೂ ಉಂಟು. ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಮೈಯ ಕೊಬ್ಬಿನಂತೆ ಪ್ಲಾಸ್ಟಿಕ್ ಸದೃಶವಾದ ವಸ್ತುವನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಪಾಸ್ತರ್ ಸಂಸ್ಥೆಯ ಲೆಮ್ವಾನ್ಯ್ ಎಂಬ ವಿಜ್ಞಾನಿ ಇದನ್ನು 1926ರಲ್ಲಿಯೇ ಕಂಡುಹಿಡಿದಿದ್ದನು. ಆದರೆ ಕಾರ್ಖಾನೆಗಳು ಸಿಪ್ಪೆಗಿಂತ ಸಿದ್ಧವಾದ ಸಕ್ಕರೆಯನ್ನೇ ಬಯಸುತ್ತವೆ. ಉತ್ತರ ಪ್ರದೇಶದ ಕುಂಭಿಯಲ್ಲಿ 2025ರಲ್ಲಿ ಅಡಿಗಲ್ಲು ಬಿದ್ದ, ವರ್ಷಕ್ಕೆ 80,000 ಟನ್ ಸಾಮರ್ಥ್ಯದ ಕಾರ್ಖಾನೆಯೂ ಕಬ್ಬಿನ ಸಕ್ಕರೆಯನ್ನು ನಂಬಿ ಯೋಜಿತವಾದುದೇ. ಬೆಳೆಯೇ ಬೇರೆ, ಬೆಳೆಯ ಶೇಷವೇ ಬೇರೆ.

ಇನ್ನು ‘ಜೈವಿಕ’ ಎಂಬ ವಿಶೇಷಣ. ಅದು ವಸ್ತುವಿನ ಹುಟ್ಟನ್ನು ಹೇಳುತ್ತದೆಯೋ ಸಾವನ್ನು ಹೇಳುತ್ತದೆಯೋ? ಬ್ರೆಜಿಲ್ ದೇಶದಲ್ಲಿ 2010ರಿಂದ ಕಬ್ಬಿನ ಮದ್ಯಸಾರದಿಂದ ಪಾಲಿಥಿಲೀನ್ ತಯಾರಾಗುತ್ತಿದೆ. ಅದರ ಹುಟ್ಟು ಕಬ್ಬಿನ ಗದ್ದೆಯಲ್ಲಾದರೂ ಮಣ್ಣಿನಲ್ಲಿ ಕರಗುವ ಗುಣ ಅದಕ್ಕಿಲ್ಲ. ಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ ಕರಗುವುದೇನೋ ನಿಜ. ಆದರೆ ಅದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವಿರುವ ದೊಡ್ಡ ಗೊಬ್ಬರದ ವ್ಯವಸ್ಥೆ ಬೇಕು. ಜನಪದರ ಹಾಡಿನಲ್ಲಿ ಮೆರೆದ ಕುಣಿಗಲ್ ಕೆರೆಯ ನೀರು ಎಂತಹ ಬೇಸಗೆಯಲ್ಲಿಯೂ ಅಷ್ಟು ಕಾಯುವುದಿಲ್ಲ. ಕೆರೆಗೆ ಬಿದ್ದ ಅಂತಹ ಲೋಟ ಹಳೆಯ ಪ್ಲಾಸ್ಟಿಕ್ಕಿನಂತೆಯೇ ವರ್ಷಗಟ್ಟಲೆ ಕರಗದೆ ಉಳಿದಿರುತ್ತದೆ. ‘ಜೈವಿಕ’ ಎಂಬ ಮುದ್ರೆಯನ್ನು ಕಂಡು ಎಸೆಯುವ ಕೈಗೆ ಧೈರ್ಯ ಬರುವುದೊಂದೇ ಹೆಚ್ಚಿನ ಫಲ.

ಇಷ್ಟೆಲ್ಲ ಶ್ರಮವಿಲ್ಲದೆ ಮರವೇ ಸಿದ್ಧಪಡಿಸಿ ಕೆಳಗಿಳಿಸುವ ವಸ್ತುವೊಂದು ಗುಬ್ಬಿಯ ತೋಟಗಳಲ್ಲಿದೆ. ಅದೇ ಅಡಿಕೆಯ ಹಾಳೆ; ಕೆಲವೆಡೆ ಪಟ್ಟೆಯೆಂದೂ ಕರೆಯುತ್ತಾರೆ. ಬರೆಯುವ ಕಾಗದಕ್ಕೂ ಅಡಿಕೆಯ ಈ ಹೊದಿಕೆಗೂ ಕನ್ನಡವು ಒಂದೇ ಹೆಸರನ್ನಿಟ್ಟಿರುವುದು ಭಾಷೆಯನ್ನು ಪ್ರೀತಿಸುವವರಿಗೆ ಸಂತೋಷದ ಸಂಗತಿ. ಒಂಬತ್ತು ಅಡಿಗೊಂದರಂತೆ ನೆಟ್ಟ ಎಕರೆ ತೋಟದಲ್ಲಿ 500ಕ್ಕೂ ಮಿಕ್ಕು ಮರಗಳಿರುತ್ತವೆ. ಮರಕ್ಕೆ ವರ್ಷಕ್ಕೆ ಐದಾರು ಹಾಳೆ ಬಿದ್ದರೂ ಎಕರೆಗೆ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ. ಬಿದ್ದುದನ್ನು ಮಳೆಗೆ ಸಿಕ್ಕದಂತೆ ಆಯ್ದು ಒಣಗಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅನಂತರ ನೀರಿನಲ್ಲಿ ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅಂಟಿಲ್ಲ, ಬಣ್ಣವಿಲ್ಲ.

ಹಾಗೆಂದು ಹಾಳೆಯನ್ನು ಕಣ್ಣುಮುಚ್ಚಿ ಹೊಗಳುವುದೂ ಸಲ್ಲದು. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಇಂತಹ ತಟ್ಟೆಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ಬೆಳೆಗಾರರ ವಲಯದಲ್ಲಿ ಇದರಿಂದ ಅಸಮಾಧಾನವಾದುದು ಸಹಜ. ಆದರೆ ಅಜ್ಜಂದಿರು ಉಂಡರೆಂಬುದು ಪ್ರಮಾಣವಾಗಲಾರದು. ಬಿಸಿ ಸಾರನ್ನು ಬಡಿಸಿದಾಗ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಅಳೆಯಬೇಕು. ತುಮಕೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವಿದೆ. ಮನೆಯಂಗಳದ ವಸ್ತುವಿನ ಗುಣದೋಷವನ್ನು ಹೊರದೇಶದವರು ಹೇಳಿದ ಮೇಲೆ ತಿಳಿಯುವುದು ನಮ್ಮ ವಿದ್ಯಾಸಂಸ್ಥೆಗಳಿಗೆ ಭೂಷಣವಲ್ಲ.

ಕಾನೂನಿನ ವಿಷಯ ಬಹುಮಂದಿಗೆ ತಿಳಿದುದೇ. ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನಷ್ಟೇ ಅಲ್ಲದೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂದಿತು. ಆದರೂ ಜಾತ್ರೆ ಮುಗಿದ ಮರುದಿನದ ಬಯಲು ಬೇರೆಯ ಕಥೆಯನ್ನೇ ಹೇಳುತ್ತದೆ. ದಾಸೋಹಕ್ಕೆ ತಟ್ಟೆ ಲೋಟಗಳನ್ನು ಕಾಣಿಕೆಯಾಗಿ ಅರ್ಪಿಸುವ ದಾನಿಗಳು ಈ ಬಯಲನ್ನೊಮ್ಮೆ ನೋಡಬೇಕು. ನಿತ್ಯದ ಊಟಕ್ಕೆ ತೊಳೆದಿಡುವ ಸ್ಟೀಲ್ ತಟ್ಟೆಗೆ ಮೇಲಾದುದಿಲ್ಲ. ಅದರ ಮುಂದೆ ಯಾವ ಜೈವಿಕ ಪ್ಲಾಸ್ಟಿಕ್ಕೂ ನಿಲ್ಲಲಾರದು. ನೀರು ಸಾಲದ ದೊಡ್ಡ ಪಂಕ್ತಿಗಳಿಗೆ ಬಾಳೆಯೆಲೆ, ಮುತ್ತುಗದೆಲೆಗಳುಂಟು. ಪರೀಕ್ಷೆಯಲ್ಲಿ ಗೆದ್ದರೆ ಹಾಳೆಯೂ ಆ ಸಾಲಿಗೆ ಬರಲಿ.

ಅಧ್ಯಾಪಕರು ಮನಸ್ಸು ಮಾಡಿದರೆ ಶಾಲೆಯ ಹಿತ್ತಿಲಿನಲ್ಲಿಯೇ ಒಂದು ಪ್ರಯೋಗ ಸಾಧ್ಯ. ನಾಲ್ಕು ಗುಂಡಿಗಳನ್ನು ತೋಡಿ, ಅಡಿಕೆಯ ಹಾಳೆ, ‘ಗೊಬ್ಬರವಾಗುವುದು’ ಎಂದು ಅಚ್ಚಾದ ಚೀಲ, ಒಳಗೆ ನುಣುಪು ಲೇಪವಿರುವ ಕಾಗದದ ತಟ್ಟೆ, ಸಾಮಾನ್ಯ ಪ್ಲಾಸ್ಟಿಕ್ ಇವನ್ನು ಒಂದೊಂದರಲ್ಲಿ ಹೂಳಿ, ದಿನಾಂಕ ಬರೆದ ಕಲ್ಲನ್ನು ನೆಡಲಿ. ಒಂದು ಮುಂಗಾರು, ಒಂದು ಹಿಂಗಾರು ಕಳೆದ ಮೇಲೆ ವಿದ್ಯಾರ್ಥಿಗಳೇ ಅಗೆದು ನೋಡಿ, ಕಂಡುದನ್ನು ಕಂಡಂತೆ ಬರೆಯಲಿ. ಅದಕ್ಕೆ ಬರುವ ವರ್ಷದ ಸಂಪುಟದಲ್ಲಿ ಎರಡು ಪುಟಗಳನ್ನು ಕಾದಿರಿಸುವುದು ಸಂಪಾದಕ ಮಂಡಲಿಗೆ ಕಷ್ಟವಾಗಲಾರದು.